ಬಾಡಿಗೆ ಮನೆಯ ವಚನ ಪಿತಾಮಹರು: ಡಾ. ಫ. ಗು. ಹಳಕಟ್ಟಿ

ವಿಜಾಪುರ ನಗರಕ್ಕೆ ಒಂದು ಶಿಕ್ಷಣ ಸಂಸ್ಥೆಯನ್ನೂ ಒಂದು ಸಹಕಾರಿ ಬ್ಯಾಂಕನ್ನೂ ಒಂದು ಮುದ್ರಣಾಲಯವನ್ನೂ ಎರಡು ಪತ್ರಿಕೆಗಳನ್ನೂ ಕೊಟ್ಟ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ತಮ್ಮ ಜೀವನದ ಕೊನೆಯವರೆಗೆ ಬಾಡಿಗೆಯ ಮನೆಯಲ್ಲಿ ವಾಸಿಸಿದರು. ಅವರು ಬಡತನದಲ್ಲಿ ಸಿಕ್ಕಿಬಿದ್ದ ಮನುಷ್ಯರಲ್ಲ. ಮುಂಬಯಿಯಲ್ಲಿ ಕಾನೂನು ಓದಿ, ವಕೀಲಿಯಲ್ಲಿ ಹೆಸರು ಮಾಡಿ, ಸರಕಾರಿ ವಕೀಲರ ಹುದ್ದೆಯವರೆಗೆ ಏರಿದವರು. ಅಂಥವರು ಇದ್ದ ಸ್ವಂತ ಮನೆಯನ್ನು ಮಾರಿ, ಅಲ್ಪವಾದದ್ದರಲ್ಲಿ ತೃಪ್ತರಾಗಿ, ನಾಲ್ಕು ದಶಕಗಳ ಕಾಲ ಹೇಗೆ ಬಾಳಿದರು ಎಂಬುದನ್ನು ನಮ್ಮ ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಸ್ಮರಿಸಲು ನಾವು ಬಯಸುತ್ತೇವೆ. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಕು ಕಂಡದ್ದು 1923ರಲ್ಲಿ. ನಮ್ಮ ಶಾಲೆಯೂ ಆ ಗ್ರಂಥವೂ ಸರಿಸುಮಾರು ಒಂದೇ ಕಾಲದವು.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದ ನೇಕಾರ ಮನೆತನವೊಂದರಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಬರೆಯುತ್ತಿದ್ದ ಲೇಖಕರು. ತಾಯಿ ದಾನಮ್ಮ ಮಗು ಮೂರು ವರ್ಷದ್ದಿರುವಾಗಲೇ ತೀರಿಕೊಂಡರು, ಅಜ್ಜಿಯೇ ಸಾಕಿದರು. ಧಾರವಾಡ ಸೀಮೆಯಲ್ಲಿ ಫಕೀರಪ್ಪ ಎಂಬ ಹೆಸರು ಶಿರಹಟ್ಟಿಯ ಫಕೀರೇಶ್ವರನ ಮೇಲಿನ ಭಕ್ತಿಯಿಂದ ಬಂದದ್ದು. ಭಕ್ತಿಯಿಂದ ಇಟ್ಟ ಆ ಹೆಸರು ಮುಂದೆ ಇಷ್ಟು ಅನ್ವರ್ಥವಾದೀತೆಂದು ಹೆಸರಿಟ್ಟವರು ಎಣಿಸಿರಲಿಕ್ಕಿಲ್ಲ.

1896ರಲ್ಲಿ ಮೆಟ್ರಿಕ್ ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಗಡಿನಾಡಿನವರಾದ ನಾವು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಅಲ್ಲಿನ ಮರಾಠಿ ಮತ್ತು ಗುಜರಾತಿ ಸಹಪಾಠಿಗಳು ತಮ್ಮ ತಮ್ಮ ಭಾಷೆ ಸಾಹಿತ್ಯಗಳ ಬಗ್ಗೆ ಇಟ್ಟುಕೊಂಡಿದ್ದ ಅಭಿಮಾನವನ್ನು ಕಂಡಾಗಲೇ ಈ ತರುಣನಿಗೆ ತನ್ನ ಕನ್ನಡದ ನೆನಪಾಯಿತು. ಜೊತೆಗೆ ಆಲೂರು ವೆಂಕಟರಾಯರ ಸ್ನೇಹ ದೊರೆಯಿತು. ಮುಂದೆ ವಚನ ಪಿತಾಮಹರೆಂದು ಹೆಸರಾದ ಹಳಕಟ್ಟಿಯವರು ಕನ್ನಡದ ದೀಕ್ಷೆ ಪಡೆದದ್ದು ಹೀಗೆ ಮುಂಬಯಿಯಲ್ಲಿ, ಅನ್ಯಭಾಷೆಯ ಗೆಳೆಯರ ನಡುವೆ. ಮರಾಠಿಯ ನೆರೆಯಲ್ಲಿರುವುದರಿಂದ ಕನ್ನಡ ಸೊರಗುತ್ತದೆಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ನೆರೆಯವರನ್ನು ನೋಡಿ ಕಲಿಯುವ ಮನಸ್ಸಿದ್ದರೆ ಆಗುವುದೇ ಬೇರೆ.

1904ರಲ್ಲಿ ಎಲ್‌ಎಲ್.ಬಿ. ಪದವಿ ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ವಿಜಾಪುರಕ್ಕೆ ಬಂದು ವಕೀಲಿ ಆರಂಭಿಸಿದರು. ಆ ಊರನ್ನು ಮತ್ತೆ ಬಿಡಲಿಲ್ಲ. ವಿಜಾಪುರ ಜಿಲ್ಲೆ ಬರಗಾಲಕ್ಕೆ ಹೆಸರಾದದ್ದು, ಶಾಲೆಗಳು ವಿರಳ, ರೈತನು ಸಾಹುಕಾರನ ಬಡ್ಡಿಯಲ್ಲಿ ಮುಳುಗಿದ್ದ. ಹಳಕಟ್ಟಿಯವರು 1910ರಲ್ಲಿ, ಇಂದು ಬಿ.ಎಲ್.ಡಿ.ಇ. ಎಂದು ಎಲ್ಲರಿಗೂ ಪರಿಚಿತವಾಗಿರುವ ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಮುಂದಾದರು. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಬರ ನಿವಾರಣೆಯ ಉಪಾಯಗಳ ಚಿಂತನೆ ಅವರನ್ನು ಜೀವನದುದ್ದಕ್ಕೂ ಬಿಡಲಿಲ್ಲ. ಮುಂಬಯಿ ಶಾಸನ ಸಭೆಯ ಸದಸ್ಯರೂ ಆಗಿದ್ದರು. ಇವೆಲ್ಲವೂ ಒಬ್ಬ ಯಶಸ್ವಿ ವಕೀಲನ ಸಾರ್ವಜನಿಕ ಜೀವನದಲ್ಲಿ ಸಹಜವಾಗಿ ಬರಬಹುದಾದವು. ಅವರ ಬದುಕಿನ ದಿಕ್ಕನ್ನು ತಿರುಗಿಸಿದ್ದು ತಾಡೋಲೆ.

ವಕೀಲಿಯ ಆರಂಭದ ದಿನಗಳ ಹೊತ್ತಿಗೇ ರಬಕವಿಯ ಒಂದು ಮನೆಯಲ್ಲಿ ಅವರಿಗೆ ವಚನಗಳ ತಾಡೋಲೆ ಪ್ರತಿಗಳು ನೋಡಲು ಸಿಕ್ಕವು. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಆಗ ಮಠಗಳಲ್ಲಿ ಮತ್ತು ಭಕ್ತರ ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರು ಕಡಿಮೆ. ತಾಳೆಯ ಗರಿಯ ಮೇಲೆ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರಗಳು ಹಾಗೆಯೇ ಕಾಣುವುದಿಲ್ಲ. ಮಸಿಯನ್ನು ಸವರಿ ಒರೆಸಿದಾಗ ಮಾತ್ರ ಕಣ್ಣಿಗೆ ಬೀಳುತ್ತವೆ. ಪದಗಳ ನಡುವೆ ಬಿಡುವಿಲ್ಲ, ಸಾಲು ಎಲ್ಲಿ ಮುಗಿಯಿತೆಂಬ ಗುರುತಿಲ್ಲ, ಹುಳು ತಿಂದಲ್ಲಿ ಅಕ್ಷರವೇ ಇಲ್ಲ. ಒಂದೇ ವಚನ ನಾಲ್ಕು ಕಟ್ಟುಗಳಲ್ಲಿ ನಾಲ್ಕು ಬಗೆಯಾಗಿರುತ್ತಿತ್ತು. ಮನೆಯವರು ದೇವರಂತೆ ಪೂಜಿಸುವ ಕಟ್ಟನ್ನು ಪರಸ್ಥಳದ ವಕೀಲರ ಕೈಗೆ ಸುಲಭವಾಗಿ ಕೊಡುವವರೂ ಅಲ್ಲ. ಹಳಕಟ್ಟಿಯವರು ಕೋರ್ಟಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಊರೂರು ತಿರುಗಿ, ಬೇಡಿ, ನಂಬಿಕೆ ಗಳಿಸಿ, ಪ್ರತಿ ಮಾಡಿಸಿಕೊಂಡು, 1920ರ ಹೊತ್ತಿಗೆ ಸಾವಿರದಷ್ಟು ತಾಡೋಲೆ ಕಟ್ಟುಗಳನ್ನು ಕೂಡಿಸಿದ್ದರು. ಅವರು ಈ ಕೆಲಸಕ್ಕೆ ಕೈ ಹಾಕಿದಾಗ ಹೆಸರು ತಿಳಿದಿದ್ದ ವಚನಕಾರರು ಐವತ್ತರಷ್ಟು. ಅವರ ಶೋಧದಿಂದ ಆ ಸಂಖ್ಯೆ ಇನ್ನೂರೈವತ್ತರ ಸಮೀಪಕ್ಕೆ ಬಂದಿತು. ಅಂಬಿಗ, ಮಾದಾರ, ಮಡಿವಾಳ, ಕೂಲಿಯ ಹೆಣ್ಣುಮಗಳು, ಹೀಗೆ ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡ ಎಷ್ಟೋ ಜೀವಗಳು ಆ ಕಟ್ಟುಗಳಿಂದ ಎದ್ದು ಬಂದವು.

ಸಂಗ್ರಹಿಸಿದ್ದನ್ನು ಮುದ್ರಿಸುವುದು ಇನ್ನೊಂದು ಪಾಡು. ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅಲ್ಲಿಂದ ಅದು ಮುದ್ರಣವಾಗದೆ ಮರಳಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಮೊದಲ ಭಾಗವು ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಈ ರಾಶಿ ಎಂದಿಗೂ ಹೊರಬಾರದೆಂದು ಅವರಿಗೆ ಮನವರಿಕೆಯಾಯಿತು. ಆಗ ತಮ್ಮ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ನಿಂತಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಆರಂಭವಾದವು. ಅದೇ 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಮ್ಮೇಳನದ ಅಧ್ಯಕ್ಷ ಪೀಠದಿಂದ ಇಳಿದು ಊರಿಗೆ ಮರಳಿದಾಗ ಅವರು ಕಾಲಿಟ್ಟದ್ದು ಬಾಡಿಗೆಯ ಮನೆಗೆ.

ಇದು ಒಂದು ದಿನದ ತ್ಯಾಗವಾಗಿದ್ದರೆ ಇಷ್ಟು ವಿವರವಾಗಿ ಬರೆಯುವ ಅಗತ್ಯವಿರಲಿಲ್ಲ. ದೊಡ್ಡ ಮೊತ್ತವನ್ನು ಒಮ್ಮೆಗೆ ಕೊಟ್ಟುಬಿಡುವುದು ಕಷ್ಟವೇನೋ ಹೌದು. ಆದರೆ ಕೊಟ್ಟ ಮೇಲೆ ತಿಂಗಳು ತಿಂಗಳೂ, ವರ್ಷ ವರ್ಷವೂ, ಕೊರತೆಯೊಡನೆ ಮುಖ ಗಂಟಿಕ್ಕದೆ ಬಾಳುವುದು ಇನ್ನೂ ಕಷ್ಟ. ಮುದ್ರಣಾಲಯವೆಂದರೆ ದಿನವೂ ಹಣ ಬೇಡುವ ವಸ್ತು. ಸೀಸದ ಮೊಳೆಗಳು ಸವೆಯುತ್ತವೆ, ಕಾಗದದ ಬೆಲೆ ಏರುತ್ತದೆ, ಮೊಳೆ ಜೋಡಿಸುವವರಿಗೆ ವಾರದ ಕೂಲಿ ತಪ್ಪಿಸುವಂತಿಲ್ಲ, ಅಂಚೆಯ ವೆಚ್ಚ ಬೇರೆ. ವಚನದ ಪತ್ರಿಕೆಗೆ ಚಂದಾದಾರರು ಎಷ್ಟು ಮಂದಿ ಇದ್ದಾರು? ಅವರಲ್ಲಿ ಹಣ ಕಳುಹಿಸುವವರು ಎಷ್ಟು ಮಂದಿ? ಶಾಲೆಯ ವಾರ್ಷಿಕ ಸಂಚಿಕೆಯೊಂದನ್ನು ಹೊರತರಲು ಪಟ್ಟ ಪಾಡು ಬಲ್ಲ ನಮಗೆ, ‘ಶಿವಾನುಭವ’ವು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತೆಂಬುದೇ ವಿಸ್ಮಯ. ವಕೀಲಿಯಿಂದ ಬಂದದ್ದು ಮುದ್ರಣಾಲಯಕ್ಕೆ ಹೋಗುತ್ತಿತ್ತು. ವಕೀಲಿಗೆ ಕೊಡಬೇಕಾದ ಹೊತ್ತೂ ಮುದ್ರಣಾಲಯಕ್ಕೇ ಹೋದುದರಿಂದ ಬರುವುದೂ ಕಡಿಮೆಯಾಯಿತು. ಅವರನ್ನು ಕಂಡವರೆಲ್ಲ ನೆನೆಯುವುದು ಹರಿದ ಕೋಟನ್ನು. ಆ ಕೋಟಿನ ಜೊತೆಗೆ ಅವರು ನೆನೆಯುವ ಇನ್ನೊಂದು ಸಂಗತಿಯೆಂದರೆ, ಆ ಮನುಷ್ಯನ ಬಾಯಿಂದ ತನ್ನ ಇಲ್ಲದಿರುವಿಕೆಯ ದೂರು ಹೊರಡುತ್ತಿರಲಿಲ್ಲ ಎಂಬುದು. ಮಾತಿಗೆ ಕೂತರೆ ಹೊಸದಾಗಿ ಸಿಕ್ಕ ಓಲೆಯ ಮಾತೇ.

ಈ ನೆಮ್ಮದಿಯ ಬೇರು ಎಲ್ಲಿತ್ತು? ಅವರೇ ಅಚ್ಚು ಹಾಕಿದ ಪುಟಗಳಲ್ಲಿತ್ತೆಂದು ನಮ್ಮ ಎಣಿಕೆ. ನಮ್ಮ ಯೆಣೆಗೂರಿನ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸಿದ್ಧರಾಮನ ಸೊಲ್ಲಾಪುರ. ಪೂರ್ವಕ್ಕೆ ಉಮರ್ಗಾ ದಾಟಿ ಮುಂದೆ ಹೋದರೆ ಬಸವಣ್ಣನ ಕಲ್ಯಾಣ. ಆ ಕಲ್ಯಾಣಕ್ಕೆ ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಬಂದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ನೀಡಿ ಉಳಿದದ್ದನ್ನು ಪ್ರಸಾದವೆಂದು ಉಣ್ಣುವುದು ಅವರ ಬಾಳು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದಳು, ಕೇಳಿದಳು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿ ಕಳುಹಿಸಿದಳು. ನಾಳೆಗೆಂದು ಕೂಡಿಡುವ ಆಸೆ ಅರಸರಿಗೆ ಒಪ್ಪೀತು, ತಮ್ಮಂಥವರಿಗೆ ಏಕೆಂಬುದು ಅವಳ ನಿಲುವು. ಮಾರಯ್ಯ ಹೋಗಿ ಸುರಿದು ಬಂದ. ಇನ್ನೊಮ್ಮೆ ಅಲ್ಲಮಪ್ರಭುವಿನೊಡನೆ ಚರ್ಚೆಗೆ ಕೂತು ಕೆಲಸವನ್ನೇ ಮರೆತ ಗಂಡನನ್ನು ಎಚ್ಚರಿಸಿದವಳೂ ಅವಳೇ. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗಕ್ಕೆ ದೊಡ್ಡ ಸ್ಥಾನವಿದೆ. ಹಳಕಟ್ಟಿಯವರು ಆ ಗ್ರಂಥವನ್ನು 1930ರಲ್ಲಿ ಪ್ರಕಟಿಸಿದರು. ಕಾಯಕ-ಕೈಲಾಸದ ಮಾತನ್ನು ನಾವು ಇಂದು ಎಲ್ಲ ಕಚೇರಿಗಳ ಗೋಡೆಯ ಮೇಲೆ ಬಸವಣ್ಣನವರ ಹೆಸರಿನಲ್ಲಿ ಕಾಣುತ್ತೇವಷ್ಟೆ. ವಚನಗಳಲ್ಲಿ ಅದು ದೊರೆಯುವುದು ಅಕ್ಕಿ ಆಯುತ್ತಿದ್ದ ಈ ಮಾರಯ್ಯನ ಮಾತಿನಲ್ಲಿ.

ಶರಣರ ದೃಷ್ಟಿಯಲ್ಲಿ ದುಡಿದು ಪಡೆದದ್ದು ತನ್ನದೆಂಬ ಹೆಮ್ಮೆಗೆ ಎಡೆಯಿಲ್ಲ. ದುಡಿಮೆ ಕಾಯಕ, ಅದರ ಫಲ ಪ್ರಸಾದ, ತನಗೆ ಬೇಕಾದಷ್ಟನ್ನು ಸ್ವೀಕರಿಸಿ ಮಿಕ್ಕಿದ್ದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಪ್ರಸಾದವನ್ನು ಯಾರೂ ಅಳೆದು ನೋಡಿ ಕಡಿಮೆಯಾಯಿತೆಂದು ಗೊಣಗುವುದಿಲ್ಲ, ಕೈಯೊಡ್ಡಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕೃತಜ್ಞತೆಯೆಂಬ ಸಂಸ್ಕೃತ ಪದಕ್ಕೆ ನಮ್ಮ ಜನರ ನಿತ್ಯದ ಕನ್ನಡದಲ್ಲಿ ಈ ಪ್ರಸಾದ ಭಾವವೇ ಸಮೀಪದ್ದು. ಹಳಕಟ್ಟಿಯವರು ಓಲೆಗರಿಯ ಮೇಲೆ ಓದಿದ್ದನ್ನು ಅಚ್ಚಿಗೆ ಕೊಟ್ಟು ಸುಮ್ಮನಾಗಲಿಲ್ಲ. ಹೆಚ್ಚಿನ ಅಕ್ಕಿಯನ್ನು ಅವರೂ ಅಂಗಳಕ್ಕೇ ಸುರಿದು ಬಂದರು. ಅವರ ಅಂಗಳ ಕನ್ನಡ ನಾಡು.

ಆದರೆ ಇಲ್ಲಿ ಒಂದು ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಇಂಥ ಜೀವನಚರಿತ್ರೆಗಳನ್ನು ಸಭೆಗಳಲ್ಲಿ ಹೇಳುವಾಗ ಬಡತನವನ್ನೇ ಒಂದು ಗುಣವೆಂಬಂತೆ ಹೊಗಳುವ ರೂಢಿಯಿದೆ. ಮೂರು ವರ್ಷ ಶಿಕ್ಷಣ ಸೇವಕರೆಂಬ ಹೆಸರಿನಲ್ಲಿ ನಿಗದಿತ ಗೌರವಧನದ ಮೇಲೆ ದುಡಿಯುವ ತರುಣ ಶಿಕ್ಷಕರಿಗೆ, ಅನುದಾನವಿಲ್ಲದ ಶಾಲೆಗಳಲ್ಲಿ ಅದಕ್ಕಿಂತ ಕಡಿಮೆಗೆ ದುಡಿಯುವವರಿಗೆ, ಸಂತೃಪ್ತಿಯ ಉಪದೇಶ ಮಾಡುವುದು ಬಹಳ ಸುಲಭ. ಹಳಕಟ್ಟಿಯವರು ಆ ಕೆಲಸವನ್ನು ಮಾಡಲಿಲ್ಲ. ತಮಗೆ ಸ್ವಂತ ಮನೆ ಬೇಡವೆಂದವರು ಇತರರಿಗಾಗಿ ಬ್ಯಾಂಕು ಕಟ್ಟಿದರು. ಸಾಹುಕಾರನ ಬಾಗಿಲಿಗೆ ಹೋಗದೆ ಬೀಜಕ್ಕೆ, ಎತ್ತಿಗೆ, ಮಗ್ಗಕ್ಕೆ, ಅಂಗಡಿಗೆ ಜನರಿಗೆ ಸಾಲ ದೊರೆಯಲಿ ಎಂಬುದೇ ಸಹಕಾರಿ ಬ್ಯಾಂಕಿನ ಅರ್ಥ. ಬರಗಾಲವನ್ನು ದೈವೇಚ್ಛೆಯೆಂದು ಸಹಿಸಿರೆಂದು ರೈತನಿಗೆ ಹೇಳಲಿಲ್ಲ. ನೀರಿನ ದಾರಿ ಹುಡುಕಿದರು. ಸಾಕು ಎಂಬ ಮಾತನ್ನು ಅವರು ತಮಗೆ ಹೇಳಿಕೊಂಡರೇ ಹೊರತು ಹಸಿದವರಿಗೆ ಹೇಳಲಿಲ್ಲ. ಲಕ್ಕಮ್ಮನೂ ಹಾಗೆಯೇ. ಅವಳು ಅಕ್ಕಿಯನ್ನು ಮರಳಿಸಿದ್ದು ತನ್ನ ಮನೆಯಿಂದ. ನೆರೆಮನೆಯ ಮಡಕೆಗೆ ಕೈ ಹಾಕಲಿಲ್ಲ. ಈ ಭೇದವನ್ನು ಮರೆತು ಹಳಕಟ್ಟಿಯವರ ಹರಿದ ಕೋಟನ್ನು ಕೊಂಡಾಡಿದರೆ ಅವರಿಗೆ ಅನ್ಯಾಯ ಮಾಡಿದಂತೆಯೇ ಸರಿ.

ಇನ್ನೊಂದು ವಿಷಯವೂ ನಮ್ಮನ್ನು ಕಾಡುತ್ತದೆ. ಅವರ ಪತ್ನಿ ಭಾಗೀರಥಿಯವರು. ಮನೆ ಮಾರಿದಾಗ ಪಾತ್ರೆ ಪಡಗಗಳನ್ನು ಕಟ್ಟಿ ಬಾಡಿಗೆಯ ಮನೆಗೆ ಸಾಗಿಸುವುದು, ತಿಂಗಳ ಕೊನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ತಳ ನೋಡುವುದು, ತಾಡೋಲೆ ಓದಲು ಬಂದ ಅತಿಥಿಗಳಿಗೆ ರೊಟ್ಟಿ ಬಡಿಯುವುದು, ಇವೆಲ್ಲ ಯಾವ ಮನೆಯಲ್ಲಾದರೂ ಯಾರ ಪಾಲಿಗೆ ಬರುತ್ತವೆಂದು ಹೆಣ್ಣುಮಕ್ಕಳಾದ ನಾವು ಬಲ್ಲೆವು. ಹನ್ನೆರಡನೆಯ ಶತಮಾನದ ಲಕ್ಕಮ್ಮನ ಮಾತು ತಾಡೋಲೆಯಲ್ಲಿ ಉಳಿದು ಬಂದಿತು. ಆ ಓಲೆಯನ್ನು ಉಳಿಸಿದವರ ಮನೆಯೊಡತಿಯ ಮಾತನ್ನು ಇಪ್ಪತ್ತನೆಯ ಶತಮಾನದ ಯಾವ ಕಾಗದವೂ ನಮ್ಮ ಕೈಗೆ ತಲುಪಿಸಿಲ್ಲ. ವಚನ ಸಾಹಿತ್ಯದ ಉದ್ಧಾರದ ಲೆಕ್ಕದಲ್ಲಿ ಅರ್ಧ ಭಾಗವನ್ನಾದರೂ ಅವರ ಹೆಸರಿಗೆ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಗೌರವಗಳು ತಡವಾಗಿಯಾದರೂ ಬಂದವು. ಸರಕಾರದ ಬಿರುದುಗಳು ಬಂದವು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಮೆಟ್ರಿಕ್‌ವರೆಗೆ ಓದಿದ ಧಾರವಾಡವೇ ಅವರನ್ನು ಡಾಕ್ಟರ್ ಎಂದು ಕರೆಯಿತು. ಆದರೆ ಈ ಎಲ್ಲಕ್ಕಿಂತ ಜನರ ಬಾಯಲ್ಲಿ ಉಳಿದದ್ದು ಬಿ. ಎಂ. ಶ್ರೀಕಂಠಯ್ಯನವರ ಪ್ರಸಂಗ. ವಿಜಾಪುರಕ್ಕೆ ಬಂದ ಬಿ.ಎಂ.ಶ್ರೀ.ಯವರನ್ನು ಗೋಳಗುಮ್ಮಟ ತೋರಿಸಲು ಕರೆದೊಯ್ಯಬೇಕೆಂದು ಊರವರು ಸಿದ್ಧರಾದರಂತೆ. ಅದಕ್ಕೂ ಮೊದಲು ತಾವು ನೋಡಬೇಕಾದದ್ದು ವಚನ ಗುಮ್ಮಟವನ್ನು ಎಂದು ಹೇಳಿ ಅವರು ನೇರವಾಗಿ ಹಳಕಟ್ಟಿಯವರ ಮನೆಗೆ ಹೋದರಂತೆ. ಆ ಗುಮ್ಮಟದ ಬಾಡಿಗೆ ತಿಂಗಳಿಗೆ ಎಷ್ಟಿತ್ತೋ!

ಆ ಕಾಲದಲ್ಲಿ ನಮ್ಮ ಉಮರ್ಗಾ ಸೀಮೆಯೂ ಕಲ್ಯಾಣವೂ ನಿಜಾಮರ ಆಡಳಿತದಲ್ಲಿದ್ದವು; ವಿಜಾಪುರ ಮುಂಬಯಿ ಪ್ರಾಂತದಲ್ಲಿ. ಶರಣರು ನಡೆದಾಡಿದ ನೆಲ ಒಂದು ರಾಜ್ಯದಲ್ಲಿ, ಅವರ ಮಾತನ್ನು ಅಚ್ಚು ಹಾಕುವ ಯಂತ್ರ ಇನ್ನೊಂದು ರಾಜ್ಯದಲ್ಲಿ. 1948ರಲ್ಲಿ ನಿಜಾಮ ರಾಜ್ಯ ಭಾರತಕ್ಕೆ ಸೇರಿತು. 1956ರಲ್ಲಿ ಗಡಿಗಳನ್ನು ಮರುಬರೆದಾಗ ಕಲ್ಯಾಣವೂ ವಿಜಾಪುರವೂ ಒಂದೇ ರಾಜ್ಯಕ್ಕೆ ಬಂದವು. ನಾವು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದೆವು. ಗಡಿ ಎತ್ತ ಸರಿದರೂ ಪುಸ್ತಕಗಳಿಗೆ ಅದು ಅಡ್ಡಿಯಾಗಲಿಲ್ಲ. ನಮ್ಮ ಮಕ್ಕಳು ಇಂದು ಪ್ರಾರ್ಥನೆಯ ಹೊತ್ತಿನಲ್ಲಿ ಬಾಯಿಪಾಠ ಹೇಳುವ ವಚನಗಳು ಯಾವ ಯಾವುದೋ ಮುದ್ರಣದಿಂದ ಬಂದಿರಬಹುದು. ಆ ಎಲ್ಲ ಮುದ್ರಣಗಳ ಹಿಂದೆ ಹಿತಚಿಂತಕ ಮುದ್ರಣಾಲಯದ ಸವೆದ ಮೊಳೆಗಳಿವೆ.

ಹಳಕಟ್ಟಿಯವರು 1964ರ ಜೂನ್ 29ರಂದು ವಿಜಾಪುರದಲ್ಲಿ ನಿಧನರಾದರು. ಎಂಬತ್ತನಾಲ್ಕು ತುಂಬಲು ಮೂರು ದಿನ ಉಳಿದಿತ್ತು. ಅವರು ಬೆಳೆಸಿದ ಶಿಕ್ಷಣ ಸಂಸ್ಥೆ ಇಂದು ವಿಶ್ವವಿದ್ಯಾಲಯದ ಮಟ್ಟಕ್ಕೆ ಬೆಳೆದಿದೆ. ಅದರ ಇಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರಿದೆ. ಕರ್ನಾಟಕದಲ್ಲಿ ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ. 1993ರಲ್ಲಿ ಕರ್ನಾಟಕ ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಿತು. ಅದರ ಐದನೆಯದು ಶಿವಶರಣೆಯರ ಸಂಪುಟ. ಆಯ್ದಕ್ಕಿ ಲಕ್ಕಮ್ಮನ ಇಪ್ಪತ್ತೈದು ವಚನಗಳು ಅದರಲ್ಲಿವೆ. ಎಂಟನೆಯ ಇಯತ್ತೆಯಿಂದ ಮೇಲಿನ ವಿದ್ಯಾರ್ಥಿನಿಯರು ಅವನ್ನು ಸುಲಭವಾಗಿ ಓದಬಲ್ಲರು.